ಟ್ಯಾಪೆಟ್ ಕವರ್ ಪ್ಯಾಕಿಂಗ್: ಬಿಡುವು ಬೇಡುವ ಕೆಲಸ

ಎಂಜಿನ್ನಿನ ನೆತ್ತಿಯ ಮೇಲೆ ಕೂತ ಮುಚ್ಚಳದ ಅಂಚಿನಲ್ಲಿ ಆಯಿಲ್ ಜಿನುಗಿ, ಅದಕ್ಕೆ ರಸ್ತೆಯ ಧೂಳು ಮೆತ್ತಿ, ಕಪ್ಪು ಜಿಡ್ಡು ಹೆಪ್ಪುಗಟ್ಟಿರುವುದು ಹತ್ತು ಹದಿನೈದು ವರ್ಷ ಓಡಿದ ಕಾರುಗಳಲ್ಲಿ ಅಪರೂಪವೇನಲ್ಲ. ಗೋಣಿಬೀಡಿನಿಂದ ಮೂಡಿಗೆರೆಗೆ, ಅಲ್ಲಿಂದ ಕೊಟ್ಟಿಗೆಹಾರ, ಬಾಳೂರು ದಾಟಿ ಕಳಸಕ್ಕೆ ಹೋಗುವ ಕಾಫಿ ಸೀಮೆಯಲ್ಲಿ ಇಂಥ ಹಳೆಯ ಮಾರುತಿ 800, ಓಮ್ನಿ, ಆಲ್ಟೊಗಳು ಇನ್ನೂ ದುಡಿಯುತ್ತಿವೆ. ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಅಂದರೆ ಕೊನೆಯ ಗಾಡಿಗೂ ಈಗ ವಯಸ್ಸಾಗಿದೆ. ಜಿನುಗುವ ಆ ಮುಚ್ಚಳಕ್ಕೆ ಕೈಪಿಡಿಗಳಲ್ಲಿ ಸಿಲಿಂಡರ್ ಹೆಡ್ ಕವರ್ ಅಥವಾ ವಾಲ್ವ್ ಕವರ್ ಎಂಬ ಹೆಸರಿದ್ದರೆ ಗ್ಯಾರೇಜಿನಲ್ಲಿ ಟ್ಯಾಪೆಟ್ ಕವರ್ ಎನ್ನುತ್ತಾರೆ. ಅದರ ಕೆಳಗಿನ ರಬ್ಬರ್ ಪಟ್ಟಿಯೇ ಪ್ಯಾಕಿಂಗ್ ಅಥವಾ ಗ್ಯಾಸ್ಕೆಟ್. ಇದನ್ನು ಬದಲಾಯಿಸುವುದು ಮನೆಯಲ್ಲೇ ಮಾಡಬಹುದಾದ ಕೆಲಸ. ಸರಳ ಎಂಜಿನ್ನಿನ ಗಾಡಿಯಾದರೆ ಮನೆಯಲ್ಲೇ ಹೆಚ್ಚು ಚೆನ್ನಾಗಿ ಆಗುವ ಕೆಲಸ ಎಂಬುದು ನನ್ನ ವಾದ.

ಮುಚ್ಚಳದ ಅಡಿಯಲ್ಲಿ ಕ್ಯಾಮ್‌ಶಾಫ್ಟ್ ಇದೆ, ರಾಕರ್‌ಗಳಿವೆ, ವಾಲ್ವ್‌ಗಳ ಸ್ಪ್ರಿಂಗುಗಳಿವೆ. ಎಂಜಿನ್ ತಿರುಗುವಾಗ ಆಯಿಲ್ ಪಂಪು ಕೆಳಗಿನ ಸಂಪಿನಿಂದ ಆಯಿಲನ್ನು ಇಲ್ಲಿಯವರೆಗೆ ಏರಿಸುತ್ತದೆ. ಅದು ಈ ಭಾಗಗಳ ಮೇಲೆಲ್ಲ ಎರಚಿಕೊಂಡು ಮತ್ತೆ ಕೆಳಗಿಳಿಯುತ್ತದೆ. ಎರಚಿದ್ದು ಹೊರಗೆ ಬಾರದ ಹಾಗೆ ತಡೆಯುವುದಷ್ಟೇ ಮುಚ್ಚಳದ ಕೆಲಸ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿ ವಾಲ್ವ್‌ಗಳೇ ಎಂಜಿನ್ ಬ್ಲಾಕಿನ ಪಕ್ಕದಲ್ಲಿದ್ದವು, ಹಾಗಾಗಿ ಟ್ಯಾಪೆಟ್ ಕವರ್ ಕೂಡ ಪಕ್ಕದಲ್ಲೇ ಇತ್ತು. ವಾಲ್ವ್‌ಗಳು ಮೇಲೇರಿದಾಗ ಮುಚ್ಚಳವೂ ಮೇಲೇರಿತು, ಹೆಸರು ಮಾತ್ರ ಹಳೆಯದೇ ಉಳಿಯಿತು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಜಾಗದಲ್ಲಿ ಆಯಿಲ್ ಒತ್ತಡದಿಂದ ನುಗ್ಗುವುದಿಲ್ಲ, ಬರಿದೇ ಹರಿದಾಡುತ್ತದೆ. ಸಿಲಿಂಡರ್ ಹೆಡ್ ಗ್ಯಾಸ್ಕೆಟ್ ಉರಿಯುವ ಅನಿಲದ ಒತ್ತಡವನ್ನೇ ತಡೆಯಬೇಕು, ಅದನ್ನು ಮನೆಯಲ್ಲಿ ಮುಟ್ಟುವ ಮಾತು ಬೇಡ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಮಾಡುವುದು ಅದಕ್ಕಿಂತ ತೀರ ಹಗುರವಾದ ಚಾಕರಿ. ಹೆಸರಿನಲ್ಲಿ ಎರಡೂ ಗ್ಯಾಸ್ಕೆಟ್ ಎಂಬ ಒಂದೇ ಕಾರಣಕ್ಕೆ ಎರಡಕ್ಕೂ ಒಂದೇ ಹೆದರಿಕೆ ಅಂಟಿಕೊಂಡಿದೆ.

ರಬ್ಬರ್ ಯಾಕೆ ಸೋಲುತ್ತದೆ ಎಂಬುದನ್ನು ತೋಟದವರಿಗೆ ವಿವರಿಸಲು ಬೇರೆ ಉದಾಹರಣೆ ಬೇಕಿಲ್ಲ. ಹೂವಿಗೆ ನೀರು ಕೊಡುವ ಕಾಲದಲ್ಲಿ ಸ್ಪ್ರಿಂಕ್ಲರ್ ಪೈಪುಗಳನ್ನು ಜೋಡಿಸಿದಾಗ ಕೀಲಿನಲ್ಲಿ ಚಿಳ್ಳೆಂದು ನೀರು ಚಿಮ್ಮಿದರೆ ಒಳಗಿನ ರಬ್ಬರ್ ರಿಂಗು ತೆಗೆದು ನೋಡುತ್ತಾರೆ. ದುಂಡಗಿರಬೇಕಾದ್ದು ಚಪ್ಪಟೆಯಾಗಿರುತ್ತದೆ, ಮೆತ್ತಗಿರಬೇಕಾದ್ದು ಬಿರುಸಾಗಿರುತ್ತದೆ. ಕಾರಿನ ಪ್ಯಾಕಿಂಗಿಗೂ ಆಗುವುದು ಅದೇ, ನೀರು ಬಿಸಿಲಿನ ಬದಲು ಸುಮಾರು 100 ಡಿಗ್ರಿ ಬಿಸಿಯ ಆಯಿಲಿನಲ್ಲಿ. ರಬ್ಬರ್ ಸೋರಿಕೆ ತಡೆಯುವುದು ತನ್ನನ್ನು ಅದುಮಿದ ಲೋಹವನ್ನು ತಾನೂ ಎದುರೊತ್ತುವುದರಿಂದ. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಆ ಎದುರೊತ್ತು ಸತ್ತ ಮೇಲೆ, ಪಟ್ಟಿ ತನ್ನ ಜಾಗದಲ್ಲೇ ಇದ್ದರೂ ಕೆಲಸಕ್ಕೆ ಬಾರದು. ಬಿಚ್ಚಿ ತೆಗೆದ ಹಳೆಯ ಪ್ಯಾಕಿಂಗನ್ನು ಬೆರಳಲ್ಲಿ ಬಗ್ಗಿಸಿದರೆ ಒಣ ಕಾಫಿ ರೆಂಬೆಯಂತೆ ಲಟಕ್ಕನೆ ಮುರಿಯುತ್ತದೆ. ಲೋಹಕ್ಕೆ ತಾಗಿದ್ದ ಮುಖ ಗಾಜಿನಂತೆ ನುಣುಪಾಗಿ ಹೊಳೆಯುತ್ತದೆ. ಹಳೆಯ ಜೀಪುಗಳ ತಗಡಿನ ಮುಚ್ಚಳಕ್ಕೆ ಕಾರ್ಕಿನ ಪ್ಯಾಕಿಂಗ್ ಇರುತ್ತಿತ್ತು, ಅದು ಒಣಗಿ ಕುಗ್ಗಿ ಸೋಲುತ್ತದೆ.

ಮಲೆನಾಡಿನ ಬಳಕೆ ಇದಕ್ಕೆ ಇನ್ನೊಂದು ಭಾರ ಸೇರಿಸುತ್ತದೆ. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲ ಎಂಜಿನ್ನಿನ ಒಡಲಿಗೆ ಇಳಿಯುವುದು ಸಹಜ. ಅದು ಹೊರಹೋಗಲು ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರ್ ಕಡೆಗೋ ಇನ್‌ಟೇಕ್ ಮ್ಯಾನಿಫೋಲ್ಡ್ ಕಡೆಗೋ ಒಂದು ಬ್ರೀದರ್ ಪೈಪು ಇರುತ್ತದೆ. ಮಳೆಗಾಲದಲ್ಲಿ ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್ ಹೋಗಿ ಹಿಂದಿರುಗುವ ಕಾರಿನ ಎಂಜಿನ್ ಒಳಗಿನ ನೀರಾವಿಯನ್ನು ಒಣಗಿಸುವಷ್ಟು ಹೊತ್ತು ಬಿಸಿಯಾಗುವುದೇ ಇಲ್ಲ. ಆ ತೇವ ಆಯಿಲಿನೊಂದಿಗೆ ಕಲೆತು ಬೆಣ್ಣೆಯಂಥ ಬಿಳಿ ಲೋಳೆಯಾಗಿ ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ, ಬ್ರೀದರ್ ಪೈಪಿನ ಬಾಯಲ್ಲಿ ಕೂರುತ್ತದೆ. ಪೈಪು ಕಟ್ಟಿಕೊಂಡರೆ ಒಳಗಿನ ಅನಿಲಕ್ಕೆ ದಾರಿಯಿಲ್ಲದೆ ಅದು ದುರ್ಬಲವಾದ ಸಂದನ್ನು ಹುಡುಕುತ್ತದೆ. ಬಡಪಾಯಿ ಪ್ಯಾಕಿಂಗೇ ಸಿಗುತ್ತದೆ. ಆದ್ದರಿಂದ ಬ್ರೀದರ್ ಪೈಪು ಶುಚಿ ಮಾಡದೆ ಪ್ಯಾಕಿಂಗ್ ಮಾತ್ರ ಹಾಕಿದರೆ ಹೊಸದೂ ಜಿನುಗಬಹುದು.

ಜಿನುಗಿದರೆ ಜಿನುಗಲಿ, ತಿಂಗಳಿಗೊಮ್ಮೆ ಅರ್ಧ ಲೀಟರ್ ಆಯಿಲ್ ಸುರಿದರೆ ಆಯಿತಲ್ಲ ಎನ್ನುವವರಿದ್ದಾರೆ. ಅವರ ಲೆಕ್ಕ ಕಳೆದುಹೋದ ಆಯಿಲಿನದು. ನೋಡಬೇಕಾದ್ದು ಅದು ಎಲ್ಲಿ ಬೀಳುತ್ತದೆ ಎಂಬುದನ್ನು. ಎಗ್ಝಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಸುಟ್ಟ ವಾಸನೆ, ತೆಳು ನೀಲಿ ಹೊಗೆ. ಚಾರ್ಮಾಡಿ ಘಾಟಿಯನ್ನು ಸಣ್ಣ ಗೇರಿನಲ್ಲಿ ಹತ್ತಿ ಬರುವಾಗ ಆ ಲೋಹ ನೂರಾರು ಡಿಗ್ರಿ ಕಾದಿರುತ್ತದೆ, ಬೆಂಕಿಯ ಅಪಾಯವನ್ನು ಅಲ್ಲಗಳೆಯುವಂತಿಲ್ಲ. ಮಾರುತಿ 800ರಲ್ಲಿ ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ರಬ್ಬರಿನ ಟೈಮಿಂಗ್ ಬೆಲ್ಟ್. ಆಯಿಲ್ ತಾಗಿದ ಬೆಲ್ಟಿನ ಆಯುಸ್ಸು ಕಡಿಮೆ, ಅದು ಹರಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಪ್ಲಗ್ಗುಗಳು ಮುಚ್ಚಳದ ನಡುವಿನ ಕೊಳವೆಗಳಲ್ಲಿ ಕೂರುವ ಹೊಸ ಎಂಜಿನ್ನುಗಳಲ್ಲಿ ಆ ಕೊಳವೆಯ ಸೀಲು ಸೋತರೆ ಪ್ಲಗ್ಗಿನ ಸುತ್ತ ಆಯಿಲ್ ನಿಂತು, ಕಾಯಿಲಿನ ರಬ್ಬರ್ ಉಬ್ಬಿ, ಎಂಜಿನ್ ಮಿಸ್ ಹೊಡೆಯುತ್ತದೆ. ಸುರಿದ ಅರ್ಧ ಲೀಟರ್ ಇವುಗಳಲ್ಲಿ ಯಾವುದನ್ನೂ ಸರಿಮಾಡುವುದಿಲ್ಲ.

ಇನ್ನು ಕೆಲಸ. ಮೊದಲು ಸೋರಿಕೆ ಅಲ್ಲಿಂದಲೇ ಹೌದೋ ಎಂದು ಖಚಿತಪಡಿಸಿಕೊಳ್ಳಬೇಕು. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಡುತ್ತದೆ. ಕ್ಯಾಮ್ ಸೀಲಿನದೋ ಆಯಿಲ್ ಮುಚ್ಚಳದ್ದೋ ತಪ್ಪು ಪ್ಯಾಕಿಂಗಿನ ತಲೆಗೆ ಬರಬಹುದು. ಜಿಡ್ಡನ್ನೆಲ್ಲ ಒರೆಸಿ, ಎರಡು ದಿನ ಓಡಿಸಿ, ಒದ್ದೆಯಾದ ಅತಿ ಎತ್ತರದ ಜಾಗ ಯಾವುದೆಂದು ನೋಡಿದರೆ ಉತ್ತರ ಸಿಗುತ್ತದೆ. ಆಮೇಲೆ ಗಾಡಿಗೆ ಸರಿಹೊಂದುವ ಪ್ಯಾಕಿಂಗ್, ಪ್ಲಗ್ ಕೊಳವೆಯಿದ್ದರೆ ಅದರ ಸೀಲುಗಳು, ಬೋಲ್ಟಿನಡಿಯ ರಬ್ಬರ್ ವಾಷರುಗಳು ಎಲ್ಲವನ್ನೂ ಒಟ್ಟಿಗೆ ತರಬೇಕು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬ್ಯಾಟರಿಯ ನೆಗೆಟಿವ್ ಬಿಚ್ಚಿರಬೇಕು. ಮುಚ್ಚಳ ತೆಗೆಯುವ ಮೊದಲೇ ಸುತ್ತಲಿನ ಧೂಳು ಕಸ ಒರೆಸಬೇಕು, ಇಲ್ಲದಿದ್ದರೆ ಅದೆಲ್ಲ ನೇರ ಕ್ಯಾಮ್‌ಶಾಫ್ಟಿನ ಮೇಲೆ ಬೀಳುತ್ತದೆ. ಏರ್ ಫಿಲ್ಟರ್ ಡಬ್ಬಿ, ಬ್ರೀದರ್ ಪೈಪು, ಪ್ಲಗ್ ವೈರುಗಳನ್ನು ಗುರುತು ಹಾಕಿ ಬಿಡಿಸಿ, ಬೋಲ್ಟುಗಳನ್ನು ಅಂಚಿನಿಂದ ಒಳಕ್ಕೆ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಮುಚ್ಚಳ ಅಂಟಿಕೊಂಡಿದ್ದರೆ ಅಂಗೈಯಿಂದ ಪಕ್ಕಕ್ಕೆ ತಟ್ಟಬೇಕು. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಮ್ಮಿನ ಮೈಮೇಲೆ ಗೀರು ಬೀಳುತ್ತದೆ; ಆ ಗೀರನ್ನು ಯಾವ ಪ್ಯಾಕಿಂಗೂ ಮುಚ್ಚಲಾರದು.

ಹೊತ್ತು ಹಿಡಿಯುವುದು ಇದರ ನಂತರ. ಮುಚ್ಚಳದ ತೋಡಿನೊಳಗೆ, ಹೆಡ್ಡಿನ ಸಮತಲದ ಮೇಲೆ ಹಳೆಯ ರಬ್ಬರಿನ ಚೂರು, ಸುಟ್ಟ ಆಯಿಲಿನ ಪೊರೆ ಅಂಟಿರುತ್ತದೆ. ತೆಗೆಯಲು ಬಿದಿರಿನ ಚಕ್ಕೆ ಸಾಕು, ಕಬ್ಬಿಣ ಬೇಡ. ಒರೆಸಲು ಗ್ಯಾರೇಜಿನ ನೂಲಿನ ವೇಸ್ಟ್ ಬೇಡ, ಅದರ ಎಳೆ ಒಳಗೆ ಬಿದ್ದರೆ ಆಯಿಲ್ ದಾರಿಗೆ ಅಡ್ಡ. ಒಗೆದ ಹಳೆಯ ಪಂಚೆಯ ಬಟ್ಟೆ ಒಳ್ಳೆಯದು. ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು, ಎಲ್ಲೂ ಜಾರಬಾರದು. ಇದಕ್ಕೆ ಒಂದು ಗಂಟೆ ಬೇಕಾಗಬಹುದು, ಎರಡೂ ಬೇಕಾಗಬಹುದು. ಬೆಳಗ್ಗೆಯಿಂದ ಸಾಲುಗಟ್ಟಿ ನಿಂತ ಗಾಡಿಗಳಿರುವ ಗ್ಯಾರೇಜಿನಲ್ಲಿ ಎಷ್ಟೇ ನಿಯತ್ತಿನ ಮೆಕ್ಯಾನಿಕ್ ಆದರೂ ಈ ಒರೆಸುವಿಕೆಗೆ ಎರಡು ಗಂಟೆ ಕೊಡಲಾರ, ಕೊಟ್ಟರೆ ಆ ಕೂಲಿಯನ್ನು ಯಾರೂ ತೆರುವುದಿಲ್ಲ. ಕೊಯ್ಲು ಮುಗಿದು ಮಳೆ ಹಿಡಿಯುವ ಮುಂಚಿನ ಒಂದು ಬಿಡುವಿನ ಭಾನುವಾರ ಮನೆಯವರ ಕೈಯಲ್ಲಿದೆ. ಮನೆಯೇ ಇದಕ್ಕೆ ಮೇಲು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಅನುಭವವಿಲ್ಲದ ಕೈ ಬೋಲ್ಟ್ ಮುರಿದರೆ, ಥ್ರೆಡ್ ಕಿತ್ತರೆ ಉಳಿಸಿದ್ದಕ್ಕಿಂತ ಹತ್ತು ಪಟ್ಟು ಖರ್ಚು ಎಂಬ ಆಕ್ಷೇಪ ಗಟ್ಟಿಯಾದದ್ದು, ತಳ್ಳಿಹಾಕುವಂಥದಲ್ಲ. ಅಪಾಯ ಎಲ್ಲಿದೆ ಎಂದು ತಿಳಿದರೆ ಅದನ್ನು ತಪ್ಪಿಸಲೂಬಹುದು. ಈ ಬೋಲ್ಟುಗಳಿಗೆ ಬೇಕಾದ ಬಿಗಿ ಸಾಮಾನ್ಯವಾಗಿ ಸುಮಾರು 10 ನ್ಯೂಟನ್ ಮೀಟರ್. ನಿಖರವಾದ ಅಂಕಿ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಸ್ಪ್ಯಾನರನ್ನು ಬೋಲ್ಟಿನಿಂದ 10 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದು ಹತ್ತು ಕಿಲೋ ತೂಕದಷ್ಟು ಎಳೆತ. ಚಕ್ರದ ನಟ್ಟು ಬಿಗಿದು ರೂಢಿಯಾದ ಕೈ ಅದರ ಮೂರು ಪಟ್ಟು ಎಳೆಯುವುದು ಸುಲಭ, ಥ್ರೆಡ್ ಹೋಗುವುದೂ ಹಾಗೆಯೇ. ಅನೇಕ ಎಂಜಿನ್ನುಗಳ ಬೋಲ್ಟಿಗೆ ನಡುವೆ ಒಂದು ಹೆಗಲಿರುತ್ತದೆ. ಅದು ಲೋಹಕ್ಕೆ ತಾಗಿದ ಮೇಲೆ ಎಷ್ಟು ತಿರುಗಿಸಿದರೂ ರಬ್ಬರ್ ಇನ್ನಷ್ಟು ಅದುಮುವುದಿಲ್ಲ, ಬೋಲ್ಟ್ ಮಾತ್ರ ಸೊರಗುತ್ತದೆ. ಹಾಗಾಗಿ ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಲ್ಲೇ ಕೂರಿಸಿ, ನಡುವಿನಿಂದ ಹೊರಕ್ಕೆ ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಟಾರ್ಕ್ ರೆಂಚ್ ಇದ್ದರೆ ನಿಶ್ಚಿಂತೆ. ಪಂಪ್‌ಸೆಟ್ಟಿನ ಪ್ಯಾಕಿಂಗ್, ಕಳೆ ಯಂತ್ರದ ಪ್ಲಗ್ಗು, ಪಲ್ಪರಿನ ಬೇರಿಂಗುಗಳನ್ನು ಬಿಚ್ಚಿ ಜೋಡಿಸುವ ಕೈಗಳಿರುವ ಸೀಮೆ ಇದು. ಇಲ್ಲಿ ಕಲಿಯಬೇಕಾದ್ದು ಬಿಗಿಯುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ.

ಇಷ್ಟೆಲ್ಲ ಯಾಕೆ, ಸುತ್ತಲೂ ಸಿಲಿಕೋನ್ ಪೇಸ್ಟ್ ಮೆತ್ತಿದರೆ ಸಾಲದೇ ಎಂದರೆ, ಸಾಲದು. ಹೆಚ್ಚಾದ ಪೇಸ್ಟ್ ಒಳಬದಿಗೂ ಉಬ್ಬುತ್ತದೆ, ಅದರ ತುಂಡು ಕಳಚಿ ಸಂಪಿಗೆ ಬಿದ್ದರೆ ಆಯಿಲ್ ಪಂಪಿನ ಜರಡಿಯನ್ನು ಕಟ್ಟಬಹುದು. ಟೈಮಿಂಗ್ ಕವರ್ ಹೆಡ್ಡಿಗೆ ಸೇರುವ ಮೂಲೆಗಳಂಥ ಒಂದೆರಡು ಕಡೆ ಒಂದೊಂದು ಹನಿ ಹಾಕಲು ಕೈಪಿಡಿಯೇ ಹೇಳಿದ್ದರೆ ಅಷ್ಟೇ ಸಾಕು. ಎಲ್ಲ ಗಾಡಿಗಳಿಗೂ ಈ ವಾದ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಕಾಮನ್ ರೇಲ್ ಡೀಸೆಲ್ ಎಂಜಿನ್ನಿನಲ್ಲಿ ಮುಚ್ಚಳದ ಮೇಲೆ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದ ಇಂಧನ ಪೈಪುಗಳು ಹಾದಿದ್ದರೆ ಅದು ಗ್ಯಾರೇಜಿನ ಕೆಲಸವೇ. ವಾರಂಟಿಯಲ್ಲಿರುವ ಗಾಡಿಯನ್ನೂ ಬಿಚ್ಚಬಾರದು. ಪ್ಲಾಸ್ಟಿಕ್ ಮುಚ್ಚಳ ಸೊಟ್ಟಗಾಗಿದ್ದರೆ ಅಥವಾ ಸೀಳಿದ್ದರೆ ಪ್ಯಾಕಿಂಗ್ ಬದಲಿಸಿ ಪ್ರಯೋಜನವಿಲ್ಲ, ಮುಚ್ಚಳವನ್ನೇ ಬದಲಿಸಬೇಕು. ಮೆಕ್ಯಾನಿಕ್‌ಗಳ ಅನ್ನಕ್ಕೆ ಕಲ್ಲು ಹಾಕಿದಂತಾಗದೇ ಎಂಬ ಮಾತಿಗೂ ಉತ್ತರ ಇಲ್ಲೇ ಇದೆ: ಕ್ಲಚ್ಚು, ಟೈಮಿಂಗ್ ಬೆಲ್ಟು, ಇಂಜೆಕ್ಟರುಗಳು ಅವರ ಅನುಭವವನ್ನು ನಿಜವಾಗಿ ಬೇಡುತ್ತವೆ, ಅವು ಅವರಲ್ಲೇ ಉಳಿಯುತ್ತವೆ.

ಜೋಡಿಸಿದ ಮೇಲೆ ಆಯಿಲ್ ಮಟ್ಟ ನೋಡಿ, ಎಂಜಿನ್ ಹತ್ತು ನಿಮಿಷ ಓಡಿಸಿ, ಅಂಚಿನ ಸುತ್ತ ಟಾರ್ಚ್ ಹಾಯಿಸಬೇಕು. ಮ್ಯಾನಿಫೋಲ್ಡ್ ಮೇಲೆ ಮೊದಲೇ ಬಿದ್ದಿದ್ದ ಆಯಿಲ್ ಸುಟ್ಟು ಒಂದೆರಡು ದಿನ ವಾಸನೆ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಕಾರ್ಕಿನ ಪ್ಯಾಕಿಂಗ್ ಆದರೆ ಕೆಲವು ದಿನಗಳ ನಂತರ ಮತ್ತೊಮ್ಮೆ ಬಿಗಿ ನೋಡಬೇಕು, ರಬ್ಬರಿನದ್ದಕ್ಕೆ ಬೇಕಿಲ್ಲ. ಒರೆಸಿದ ಬಟ್ಟೆ, ಸೋರಿದ ಆಯಿಲ್ ಅಂಗಳದಾಚೆಯ ಹಳ್ಳಕ್ಕೆ ಹೋಗದಿರಲಿ. ಬಳಸಿದ ಎಂಜಿನ್ ಆಯಿಲ್ ಕಾನೂನಿನ ಪ್ರಕಾರವೇ ಅಪಾಯಕಾರಿ ತ್ಯಾಜ್ಯ. ಹೇಮಾವತಿ ಹುಟ್ಟುವುದು ಇದೇ ಮೂಡಿಗೆರೆ ತಾಲ್ಲೂಕಿನಲ್ಲಿ. ಆ ಆಯಿಲನ್ನು ಡಬ್ಬಿಯಲ್ಲಿ ತುಂಬಿಟ್ಟು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಮುಂದಿನ ಸರ್ವೀಸಿನ ದಿನ ಒಯ್ದು ಕೊಡಬಹುದು.