ಸದ್ದಿಲ್ಲದೆ ಏದುಸಿರು ಬಿಡೋ ಕೋಳಿಮರಿ

ಈ ಮರಿ ನೋಡಿ. ಕತ್ತು ಚಾಚಿ, ಬಾಯಿ ತೆರೆದು ಉಸಿರೆಳೀತಿದೆ. ಆದ್ರೆ ಗೊರಗೊರ ಸದ್ದಿಲ್ಲ. ಬೇರೆ ಉಸಿರಾಟದ ರೋಗಗಳಲ್ಲಿ ಸಾಮಾನ್ಯವಾಗಿ ಸದ್ದು ಬರುತ್ತೆ. ಸದ್ದಿಲ್ಲದ ಏದುಸಿರು ಅಂದ್ರೆ ಮೊದಲ ಅನುಮಾನ ಬೂಷ್ಟಿನ ಮೇಲೆ: ಆಸ್ಪರ್ಜಿಲ್ಲಸ್. ಎಳೆ ಮರಿಗಳಿಗೇ ಇದರ ಕಾಟ ಜಾಸ್ತಿ, ಅದಕ್ಕೇ ಎಳೆ ಮರಿಗಳನ್ನ ಬೆಚ್ಚಗಿಡೋ ಬ್ರೂಡರ್ ಹೆಸರಲ್ಲೇ ಇದನ್ನ ಬ್ರೂಡರ್ ನ್ಯುಮೋನಿಯಾ ಅಂತಾರೆ.

ಮರಿಗಳ ಕಾಲಡಿ ಹಾಸಿದ ಭತ್ತದ ಹೊಟ್ಟು ನೋಡಿ, ಮೂಗಿಗೆ ಬಟ್ಟೆ ಕಟ್ಕೊಂಡು. ನೀರಿನ ಡಬ್ಬಿ ಸುತ್ತ ಒದ್ದೆಯಾಗಿ ಗಂಟುಕಟ್ಟಿದೆಯಾ? ಬೂಷ್ಟು ಬೆಳೆಯೋದು ಅಲ್ಲೇ. ಒಣಗಿದಾಗ ಅದರ ಬೀಜಕಣ ಧೂಳಿನ ಜೊತೆ ಎದ್ದು ಮರಿಯ ಉಸಿರು ಸೇರುತ್ತೆ.

ಸತ್ತ ಮರಿಯನ್ನ ಪಶುವೈದ್ಯರ ಹತ್ರ ಒಯ್ಯಿರಿ. ಕೊಯ್ದಾಗ ಶ್ವಾಸಕೋಶದಲ್ಲಿ ಸಾಸಿವೆ ಗಾತ್ರದ ಹಳದಿ-ಬಿಳಿ ಗಂಟು ಕಂಡ್ರೆ ಬಹುತೇಕ ಇದೇ. ಖಾತ್ರಿಗೆ ಲ್ಯಾಬ್ ಪರೀಕ್ಷೆ ಬೇಕು. ನೀರಿಗೆ ಆಂಟಿಬಯೋಟಿಕ್ ಬೆರೆಸೋದಂತೂ ದಂಡ. ಬೂಷ್ಟಿಗೆ ಅದು ನಾಟಲ್ಲ. ಹಾಸು ಬದಲಿಸಿ, ಇವತ್ತೇ.