ಬಿಟ್ಟಿ ಸಿಗುವ ಸಾಫ್ಟ್‌ವೇರ್ ಬಳಸಿದರೆ ಕೇಸ್ ಬೀಳುತ್ತದೆಯೇ?

"ದುಡ್ಡು ಕೊಡದೆ ಸಿಗುವ ಸಾಫ್ಟ್‌ವೇರ್ ಅಂದರೆ ಎಲ್ಲಿಂದಲೋ ಕದ್ದದ್ದೇ ಇರಬೇಕು." "ಆಫೀಸಿನ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿದರೆ ನಾಳೆ ಯಾವುದೋ ದೊಡ್ಡ ಕಂಪನಿಯಿಂದ ನೋಟಿಸ್ ಬರುತ್ತೆ." "ಓಪನ್ ಸೋರ್ಸ್‌ಗೆ ಮಾಲೀಕರೂ ಇಲ್ಲ, ಲೈಸೆನ್ಸೂ ಇಲ್ಲ."

ಇಂಥ ಮಾತುಗಳನ್ನು ನೀವೂ ಕೇಳಿರಬಹುದು. ಕೇಳಿ ಹೆದರಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಬೇಕಿಲ್ಲದಿದ್ದರೂ ದುಬಾರಿ ಸಾಫ್ಟ್‌ವೇರ್ ಕೊಳ್ಳುತ್ತಾರೆ. ಇಲ್ಲವೇ ಪರಿಚಯದವರಿಂದ ಅದರ ಕ್ರ್ಯಾಕ್ ಮಾಡಿದ ಕಾಪಿ ಹಾಕಿಸಿಕೊಳ್ಳುತ್ತಾರೆ. ನಿಜವಾಗಿ ಕಾನೂನು ಮುರಿಯುವುದು ಈ ಎರಡನೆಯ ಕೆಲಸ!

ಓಪನ್ ಸೋರ್ಸ್, ಅಂದರೆ ಮುಕ್ತ ತಂತ್ರಾಂಶದ ಬಗ್ಗೆ ಈ ಭಯ ತಾನಾಗಿಯೇ ಹುಟ್ಟಿದ್ದಲ್ಲ. ಸುಮಾರು 20 ವರ್ಷಗಳ ಹಿಂದೆ ಅಮೆರಿಕದಲ್ಲಿ ಪತ್ರ, ನೋಟಿಸ್, ಮೊಕದ್ದಮೆಗಳ ಮೂಲಕ ಅದನ್ನು ಬಿತ್ತಿ ಬೆಳೆಸಲಾಯಿತು. ಆ ಕಥೆ ಏನು, ಕೊನೆಗೆ ಏನಾಯಿತು, ನಮಗೆ ಅದರಿಂದ ತಿಳಿಯುವುದೇನು ಎಂದು ಈ ಬರಹದಲ್ಲಿ ನೋಡೋಣ.

ಮುಕ್ತ ತಂತ್ರಾಂಶಕ್ಕೆ ಲೈಸೆನ್ಸ್ ಇಲ್ಲವೇ?

ಇದೆ. ನಿಮ್ಮ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಈಗಲೇ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದು 'ಲೀಗಲ್ ಇನ್ಫರ್ಮೇಶನ್' ಎಂಬ ಭಾಗವನ್ನು ಹುಡುಕಿ (ಕೆಲವು ಫೋನುಗಳಲ್ಲಿ ಹೆಸರು ಸ್ವಲ್ಪ ಬೇರೆ ಇರಬಹುದು). ಅಲ್ಲಿ ಓಪನ್ ಸೋರ್ಸ್ ಲೈಸೆನ್ಸ್‌ಗಳ ಉದ್ದನೆಯ ಪಟ್ಟಿಯೇ ಇರುತ್ತದೆ. ಆಂಡ್ರಾಯ್ಡ್‌ನ ತಳಪಾಯದಲ್ಲಿರುವುದು ಲಿನಕ್ಸ್ ಕರ್ನೆಲ್. ಅಂದರೆ ಲಿನಕ್ಸ್ ಬಳಸಿದರೆ ಕೇಸ್ ಬೀಳುತ್ತದೆ ಎಂಬ ಮೆಸೇಜನ್ನು ಆಂಡ್ರಾಯ್ಡ್ ಫೋನಿನಿಂದ ಫಾರ್ವರ್ಡ್ ಮಾಡುವವರೂ ಲಿನಕ್ಸ್ ಬಳಸುತ್ತಲೇ ಇರುತ್ತಾರೆ.

ತಂತ್ರಾಂಶ ಬರೆದವರಿಗೆ ಅದರ ಮೇಲೆ ಕಾಪಿರೈಟ್ ಇರುತ್ತದೆ. ಮುಕ್ತ ತಂತ್ರಾಂಶದಲ್ಲೂ ಅಷ್ಟೇ. ವ್ಯತ್ಯಾಸ ಇರುವುದು ಆ ಹಕ್ಕನ್ನು ಅವರು ಹೇಗೆ ಬಳಸುತ್ತಾರೆ ಎನ್ನುವುದರಲ್ಲಿ. ಸಾಮಾನ್ಯ ಕಂಪನಿ "ನಕಲು ಮಾಡಬೇಡಿ, ಒಳಗೇನಿದೆ ನೋಡಬೇಡಿ" ಎನ್ನುತ್ತದೆ. ಮುಕ್ತ ತಂತ್ರಾಂಶ ಬರೆದವರು "ಬಳಸಿ, ಒಳಗಿನ ಸೋರ್ಸ್ ಕೋಡ್ ನೋಡಿ, ತಿದ್ದಿ, ಹಂಚಿ, ಆದರೆ ಈ ಷರತ್ತು ಪಾಲಿಸಿ" ಎನ್ನುತ್ತಾರೆ.

ಲಿನಕ್ಸ್‌ಗೆ ಅನ್ವಯಿಸುವ ಲೈಸೆನ್ಸಿನ ಹೆಸರು ಜಿಪಿಎಲ್. ರಿಚರ್ಡ್ ಸ್ಟಾಲ್‌ಮನ್ ಇದರ ಮೊದಲ ಆವೃತ್ತಿಯನ್ನು 1989ರಲ್ಲಿ ತಂದರು. ಅದರ ಮುಖ್ಯ ಷರತ್ತು ಇಷ್ಟು: ಈ ತಂತ್ರಾಂಶವನ್ನು ನೀವು ಇನ್ನೊಬ್ಬರಿಗೆ ಕೊಟ್ಟರೆ, ತಿದ್ದಿಯೇ ಕೊಟ್ಟರೂ, ಅದರ ಸೋರ್ಸ್ ಕೋಡ್ ಅವರಿಗೆ ಸಿಗಬೇಕು ಮತ್ತು ನಿಮಗೆ ಸಿಕ್ಕ ಸ್ವಾತಂತ್ರ್ಯ ಅವರಿಗೂ ಸಿಗಬೇಕು. ಗಮನಿಸಿ, ಈ ಷರತ್ತು ಹಂಚುವವರಿಗೆ. ಮನೆಯಲ್ಲೋ ಅಂಗಡಿಯಲ್ಲೋ ಶಾಲೆಯಲ್ಲೋ ಸುಮ್ಮನೆ ಬಳಸುವವರು ಯಾರಿಗೂ ಏನೂ ಕೊಡಬೇಕಿಲ್ಲ.

ಹಾಗಾದರೆ ಭಯ ಎಲ್ಲಿಂದ ಬಂತು?

2003ರ ಮಾರ್ಚ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಎಸ್‌ಸಿಒ ಗ್ರೂಪ್ ಎಂಬ ಕಂಪನಿ ಐಬಿಎಂ ಮೇಲೆ ಮೊಕದ್ದಮೆ ಹೂಡಿತು. ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ತನ್ನ ಆಸ್ತಿ, ಅದರ ಗುಟ್ಟುಗಳನ್ನು ಐಬಿಎಂ ಲಿನಕ್ಸ್‌ಗೆ ಸುರಿದಿದೆ ಎಂಬುದು ಅದರ ಆರೋಪ. ಕೇಳಿದ ಪರಿಹಾರ 100 ಕೋಟಿ ಡಾಲರ್. ಮುಂದೆ ಅದು 500 ಕೋಟಿ ಡಾಲರಿಗೆ ಏರಿತು.

ಐಬಿಎಂ ದೊಡ್ಡ ಕಂಪನಿ, ವಕೀಲರನ್ನು ಇಟ್ಟುಕೊಂಡು ಹೋರಾಡಬಲ್ಲದು. ಆದರೆ ಎಸ್‌ಸಿಒ ಅಲ್ಲಿಗೇ ನಿಲ್ಲಲಿಲ್ಲ. ಅದೇ ಮೇ ತಿಂಗಳಲ್ಲಿ ಸುಮಾರು 1,500 ದೊಡ್ಡ ಕಂಪನಿಗಳಿಗೆ ಪತ್ರ ಬರೆದು, ಲಿನಕ್ಸ್ ಬಳಸುವವರೂ ಹೊಣೆಗಾರರಾಗಬಹುದು ಎಂದು ಎಚ್ಚರಿಸಿತು. ಆಗಸ್ಟ್‌ನಲ್ಲಿ ಈ ಭಯಕ್ಕೆ ಬೆಲೆಯನ್ನೂ ಕಟ್ಟಿತು: ಒಂದು ಪ್ರೊಸೆಸರಿನ ಸರ್ವರಿಗೆ 699 ಡಾಲರ್ ಕೊಟ್ಟು ತನ್ನಿಂದ ಲೈಸೆನ್ಸ್ ಪಡೆದರೆ ತೊಂದರೆ ಇಲ್ಲ ಎಂದಿತು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಎಸ್‌ಸಿಒದಿಂದ ಯುನಿಕ್ಸ್ ಲೈಸೆನ್ಸ್ ಪಡೆದಿತ್ತು. 2004ರ ಮಾರ್ಚ್‌ನಲ್ಲಿ ಬಳಕೆದಾರರ ಸರದಿಯೂ ಬಂತು. ವಾಹನದ ಬಿಡಿಭಾಗ ಮಾರುವ ಆಟೋಜೋನ್ ಮತ್ತು ಕಾರು ತಯಾರಿಸುವ ಡೈಮ್ಲರ್‌ಕ್ರೈಸ್ಲರ್ ಮೇಲೆ ಎಸ್‌ಸಿಒ ಕೇಸ್ ಹಾಕಿತು.

ಲಿನಕ್ಸ್ ಬಳಸುವ ಕಂಪನಿಯ ಮ್ಯಾನೇಜರ್ ಜಾಗದಲ್ಲಿ ನಿಮ್ಮನ್ನು ಇಟ್ಟು ನೋಡಿ. ಆರೋಪ ನಿಜವೋ ಸುಳ್ಳೋ ತೀರ್ಮಾನವಾಗಲು ವರ್ಷಗಳು ಬೇಕು. ಅಲ್ಲಿಯವರೆಗೆ "ಯಾಕೆ ಬೇಕು ತಲೆನೋವು" ಎಂದು ದೂರ ಸರಿಯುವುದೇ ಸುಲಭ. ಕೋರ್ಟಿನಲ್ಲಿ ಗೆಲ್ಲದೆಯೂ ಇಂಥ ಕೇಸು ಕೆಲಸ ಮಾಡುವುದು ಹೀಗೆ.

ಕದ್ದ ಮಾಲು ಯಾವುದು?

ಲಿನಕ್ಸ್ ಬೆಂಬಲಿಗರು ಮೊದಲ ದಿನದಿಂದ ಕೇಳಿದ್ದು ಒಂದೇ ಪ್ರಶ್ನೆ: ಕದ್ದದ್ದು ಯಾವ ಸಾಲು ತೋರಿಸಿ, ತೆಗೆದುಹಾಕುತ್ತೇವೆ. ಲಿನಕ್ಸ್‌ನ ಕೋಡ್ ಎಲ್ಲರೆದುರಿಗೆ ತೆರೆದೇ ಇದೆ; ತೋರಿಸುವುದು ಕಷ್ಟವಲ್ಲ. ಎಸ್‌ಸಿಒ ಮಾತ್ರ ಬಹಿರಂಗವಾಗಿ ತೋರಿಸಲು ಹಿಂದೇಟು ಹಾಕಿತು.

2003ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ತನ್ನ ಸಮಾವೇಶದಲ್ಲಿ ಅದು ಒಂದೆರಡು ತುಣುಕುಗಳನ್ನು ಪರದೆಯ ಮೇಲೆ ತೋರಿಸಿತು. ಯಾರೂ ಓದಬಾರದೆಂದು ಕೆಲವು ಸಾಲುಗಳನ್ನು ಗ್ರೀಕ್ ಅಕ್ಷರಗಳಿಗೆ ಬದಲಿಸಲಾಗಿತ್ತು. ಅದರ ಫೋಟೋ ಹೊರಬಿದ್ದದ್ದೇ ತಡ, ಮುಕ್ತ ತಂತ್ರಾಂಶದ ಬ್ರೂಸ್ ಪೆರೆನ್ಸ್ ಮತ್ತು ಇತರರು ಅಕ್ಷರಗಳನ್ನು ಮರಳಿ ಬದಲಿಸಿ ಓದಿಯೇಬಿಟ್ಟರು. ಒಂದು ತುಣುಕು ಹಳೆಯ ಯುನಿಕ್ಸ್‌ನದು. ಅದನ್ನು ಎಸ್‌ಸಿಒ ತಾನೇ, ಕಾಲ್ಡೆರಾ ಎಂಬ ತನ್ನ ಹಿಂದಿನ ಹೆಸರಿನಲ್ಲಿ, 2002ರಲ್ಲಿ ಮುಕ್ತ ಲೈಸೆನ್ಸ್‌ನಡಿ ಬಿಡುಗಡೆ ಮಾಡಿತ್ತು! ಇನ್ನೊಂದರ ಮೂಲ ಬರ್ಕ್ಲಿಯಲ್ಲಿ ತಯಾರಾದ ಮುಕ್ತ ತಂತ್ರಾಂಶ. ಅದರ ಮೇಲೆ ಎಸ್‌ಸಿಒಗೆ ಹಕ್ಕೇ ಇರಲಿಲ್ಲ. ಸಾಲದ್ದಕ್ಕೆ, ಈ ಕಂಪನಿಯೇ ವರ್ಷಗಳ ಕಾಲ ಜಿಪಿಎಲ್ ಅಡಿಯಲ್ಲಿ ಲಿನಕ್ಸ್ ಹಂಚುತ್ತಿತ್ತು.

2006ರಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶೆ ಬ್ರೂಕ್ ವೆಲ್ಸ್ ಎಸ್‌ಸಿಒ ಕೊಟ್ಟ ಆರೋಪಗಳ ಪಟ್ಟಿಯಲ್ಲಿ ದೊಡ್ಡ ಪಾಲನ್ನೇ ತೆಗೆದುಹಾಕಿದರು. ಕಾರಣ, ಕದ್ದದ್ದು ಏನು ಎಂದು ಅವು ನಿರ್ದಿಷ್ಟವಾಗಿ ಹೇಳಿರಲಿಲ್ಲ. ಅವರು ಕೊಟ್ಟ ಹೋಲಿಕೆ ಸೊಗಸಾಗಿದೆ. ಅಂಗಡಿಯಿಂದ ಹೊರಬಂದವರನ್ನು ಕಳ್ಳತನದ ಆರೋಪದ ಮೇಲೆ ಹಿಡಿದರೆ, ಏನು ಕದ್ದೆನೆಂದು ಹೇಳಬೇಕಲ್ಲವೇ? ಅದರ ಬದಲು ಅಂಗಡಿಯ ಸಾಮಾನುಗಳ ಪೂರ್ತಿ ಪಟ್ಟಿಯನ್ನು ಕೈಗಿಟ್ಟು, ಇದರಲ್ಲೇ ಎಲ್ಲೋ ಇದೆ, ನೀನೇ ಹುಡುಕಿಕೋ ಎಂದರೆ ಹೇಗೆ?

ಇನ್ನು ಯುನಿಕ್ಸ್‌ನ ಕಾಪಿರೈಟ್ ಯಾರದು? 1995ರಲ್ಲಿ ಯುನಿಕ್ಸ್ ವ್ಯವಹಾರ ಮಾರಿದಾಗ ಕಾಪಿರೈಟ್ ಮಾತ್ರ ನಾವೇ ಉಳಿಸಿಕೊಂಡಿದ್ದೆವು ಎಂದು ನೋವೆಲ್ ಎಂಬ ಕಂಪನಿ ಎದ್ದು ನಿಂತಿತು. ನ್ಯಾಯಾಲಯ 2007ರ ಆಗಸ್ಟ್‌ನಲ್ಲಿ ನೋವೆಲ್ ಪರ ತೀರ್ಪಿತ್ತಿತು. ಮರುತಿಂಗಳೇ ಎಸ್‌ಸಿಒ ದಿವಾಳಿ ಅರ್ಜಿ ಹಾಕಿತು. ಮೇಲ್ಮನವಿಯಲ್ಲಿ ಆ ತೀರ್ಪಿನ ಒಂದು ಭಾಗ ರದ್ದಾಗಿ ಮತ್ತೆ ವಿಚಾರಣೆ ನಡೆದರೂ, 2010ರಲ್ಲಿ ಜ್ಯೂರಿ ಹೇಳಿದ್ದು ಅದನ್ನೇ: ಕಾಪಿರೈಟ್ ನೋವೆಲ್‌ನದು.

ಐಬಿಎಂ ವಿರುದ್ಧದ ಕೇಸು ಕುಂಟುತ್ತ ಸಾಗಿ 2021ರಲ್ಲಿ ರಾಜಿಯಲ್ಲಿ ಮುಗಿಯಿತು. ಐಬಿಎಂ ಕೊಟ್ಟದ್ದು 1 ಕೋಟಿ 42.5 ಲಕ್ಷ ಡಾಲರ್. ಕೇಳಿದ್ದ 500 ಕೋಟಿಯಲ್ಲಿ ಇದು ಶೇ. 0.3ರಷ್ಟೂ ಇಲ್ಲ. ಒಟ್ಟು 18 ವರ್ಷ ನಡೆದರೂ, ಲಿನಕ್ಸ್ ಬಳಕೆದಾರರು ಎಸ್‌ಸಿಒಗೆ ಹಣ ಕೊಡಬೇಕು ಎಂದು ಯಾವ ನ್ಯಾಯಾಲಯವೂ ಹೇಳಲಿಲ್ಲ.

ಪೇಟೆಂಟ್ ಎಂಬ ಇನ್ನೊಂದು ಅಸ್ತ್ರ

ಕಾಪಿರೈಟ್ ರಕ್ಷಿಸುವುದು ಬರೆದ ಕೋಡನ್ನು. ಪೇಟೆಂಟ್ ರಕ್ಷಿಸುವುದು ಕೆಲಸ ಮಾಡುವ ವಿಧಾನವನ್ನು. ನೀವು ಒಂದು ಸಾಲನ್ನೂ ನಕಲು ಮಾಡದೆ ಸ್ವಂತವಾಗಿ ಬರೆದರೂ, ಅದೇ ವಿಧಾನಕ್ಕೆ ಬೇರೆಯವರ ಪೇಟೆಂಟ್ ಇದ್ದರೆ ಸಿಕ್ಕಿಹಾಕಿಕೊಳ್ಳಬಹುದು. ಅದಕ್ಕೇ ಈ ಅಸ್ತ್ರ ಹೆಚ್ಚು ಹರಿತ.

2007ರ ಮೇ ತಿಂಗಳಲ್ಲಿ, ಲಿನಕ್ಸ್ ಮತ್ತು ಇತರ ಮುಕ್ತ ತಂತ್ರಾಂಶಗಳು ತನ್ನ 235 ಪೇಟೆಂಟ್‌ಗಳನ್ನು ಉಲ್ಲಂಘಿಸುತ್ತಿವೆ ಎಂದು ಮೈಕ್ರೋಸಾಫ್ಟ್ ಹೇಳಿತು. ಸಂಖ್ಯೆ ಹೇಳಿತು, ಪಟ್ಟಿ ಕೊಡಲಿಲ್ಲ. ಪಟ್ಟಿ ಸಿಕ್ಕಿದ್ದರೆ ಆ ವಿಧಾನಗಳನ್ನು ಬಿಟ್ಟು ಬೇರೆ ದಾರಿ ಹುಡುಕಬಹುದಿತ್ತು, ಅಥವಾ ಆ ಪೇಟೆಂಟ್ ಊರ್ಜಿತವೇ ಎಂದು ಪ್ರಶ್ನಿಸಬಹುದಿತ್ತು.

ಇಲ್ಲಿ ಬೆದರಿಕೆಗೆ ಹಣವೂ ಬಂತು. ಆಂಡ್ರಾಯ್ಡ್ ಬಂದ ಮೇಲೆ ಎಚ್‌ಟಿಸಿ 2010ರಲ್ಲಿ, ಸ್ಯಾಮ್‌ಸಂಗ್ 2011ರಲ್ಲಿ ಮೈಕ್ರೋಸಾಫ್ಟ್ ಜೊತೆ ಪೇಟೆಂಟ್ ಒಪ್ಪಂದ ಮಾಡಿಕೊಂಡವು. ಸ್ಯಾಮ್‌ಸಂಗ್ ಒಂದೇ ವರ್ಷದಲ್ಲಿ 100 ಕೋಟಿ ಡಾಲರಿಗೂ ಹೆಚ್ಚು ರಾಯಲ್ಟಿ ಕೊಟ್ಟಿತ್ತೆಂದು 2014ರ ಕೋರ್ಟ್ ದಾಖಲೆಗಳಿಂದ ಬಯಲಾಯಿತು. ಮೈಕ್ರೋಸಾಫ್ಟ್ ಬಳಿ ಪೇಟೆಂಟ್‌ಗಳೇ ಇರಲಿಲ್ಲ ಎಂದಲ್ಲ, ಇದ್ದವು. ಆದರೆ ಪ್ರತಿಯೊಂದನ್ನೂ ಕೋರ್ಟಿನಲ್ಲಿ ಪರೀಕ್ಷಿಸುವ ಖರ್ಚಿಗಿಂತ ಹಣ ಕೊಟ್ಟು ಮುಗಿಸುವುದೇ ಫೋನ್ ತಯಾರಕರಿಗೆ ಸುಲಭವಾಗಿತ್ತು.

ಇದಕ್ಕೆ ಎದುರಾಗಿ ಐಬಿಎಂ, ರೆಡ್ ಹ್ಯಾಟ್, ಸೋನಿ, ಫಿಲಿಪ್ಸ್, ನೋವೆಲ್ ಸೇರಿ 2005ರಲ್ಲೇ ಓಪನ್ ಇನ್ವೆನ್ಶನ್ ನೆಟ್‌ವರ್ಕ್ ಎಂಬ ಒಕ್ಕೂಟ ಕಟ್ಟಿದ್ದವು. ಲಿನಕ್ಸ್ ವಿಷಯದಲ್ಲಿ ಸದಸ್ಯರು ಒಬ್ಬರ ಮೇಲೊಬ್ಬರು ಪೇಟೆಂಟ್ ಪ್ರಯೋಗಿಸಬಾರದು ಎಂಬುದು ಅದರ ಒಪ್ಪಂದ. 2018ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಸುಮಾರು 60,000 ಪೇಟೆಂಟ್‌ಗಳೊಂದಿಗೆ ಇದಕ್ಕೆ ಸೇರಿತು. 2001ರಲ್ಲಿ ಅದರ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರ್‌ಗೆ ಹೋಲಿಸಿದ್ದರು!

ಆಟಿಕೆ ರೈಲು ಗೆದ್ದ ಕೇಸು

"ಬಿಟ್ಟಿ ಕೊಟ್ಟ ಮೇಲೆ ಷರತ್ತು ಎಂತಹದು? ಕೋರ್ಟಿನಲ್ಲಿ ನಿಲ್ಲುತ್ತದೆಯೇ?" ಎಂಬ ಪ್ರಶ್ನೆಗೆ ದೊಡ್ಡ ಉತ್ತರ ಬಂದದ್ದು ಆಟಿಕೆ ರೈಲುಗಳಿಂದ.

ಕ್ಯಾಲಿಫೋರ್ನಿಯಾದ ಭೌತಶಾಸ್ತ್ರ ಪ್ರಾಧ್ಯಾಪಕ ರಾಬರ್ಟ್ ಜೇಕಬ್‌ಸನ್ ಮತ್ತು ಗೆಳೆಯರು ಮಾದರಿ ರೈಲುಗಳನ್ನು ಕಂಪ್ಯೂಟರಿನಿಂದ ಓಡಿಸುವ ಮುಕ್ತ ತಂತ್ರಾಂಶವೊಂದನ್ನು ಹವ್ಯಾಸಕ್ಕಾಗಿ ಬರೆದಿದ್ದರು. ಇದೇ ಬಗೆಯ ತಂತ್ರಾಂಶ ಮಾರುತ್ತಿದ್ದ ಮ್ಯಾಥ್ಯೂ ಕಾಟ್ಜರ್ ತನ್ನ ಪೇಟೆಂಟ್ ಉಲ್ಲಂಘನೆಯಾಗಿದೆ ಎಂದು ಜೇಕಬ್‌ಸನ್‌ಗೆ 2 ಲಕ್ಷ ಡಾಲರಿಗೂ ಮೀರಿದ ಬಿಲ್ ಕಳಿಸಿದರು. ಹೆದರಿ ಸುಮ್ಮನಾಗುವ ಬದಲು ಜೇಕಬ್‌ಸನ್ 2006ರಲ್ಲಿ ಕೋರ್ಟಿಗೆ ಹೋದರು. ಕಾಟ್ಜರ್ ಅವರ ಉತ್ಪನ್ನದಲ್ಲೇ ತಮ್ಮ ಮುಕ್ತ ತಂತ್ರಾಂಶದ ಕಡತಗಳಿವೆ, ಬರೆದವರ ಹೆಸರು ಮತ್ತು ಲೈಸೆನ್ಸ್ ಸೂಚನೆಯನ್ನು ಕಿತ್ತುಹಾಕಲಾಗಿದೆ ಎಂದು ವಾದಿಸಿದರು.

2008ರ ಆಗಸ್ಟ್‌ನಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಮಹತ್ವದ ಮಾತು ಹೇಳಿತು: ಹಣಕ್ಕೆ ಮಾರದೆ ಹಂಚಿದರೂ ಲೈಸೆನ್ಸಿನ ಷರತ್ತಿಗೆ ಬಲವಿದೆ, ಅದನ್ನು ಮುರಿದರೆ ಕಾಪಿರೈಟ್ ಉಲ್ಲಂಘನೆ ಆಗಬಹುದು. 2010ರಲ್ಲಿ ಕೇಸು ರಾಜಿಯಾಯಿತು. ಬಿಲ್ ಕಳಿಸಿದ್ದ ಕಾಟ್ಜರ್ ಅವರೇ ಜೇಕಬ್‌ಸನ್‌ಗೆ 1 ಲಕ್ಷ ಡಾಲರ್ ಕೊಡಲು ಒಪ್ಪಿದರು.

ಭಾರತದಲ್ಲಿ ಏನಿದೆ?

ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ. ಇದನ್ನು ಸಡಿಲಿಸಲು 2004ರ ಕೊನೆಯಲ್ಲಿ ಸುಗ್ರೀವಾಜ್ಞೆ ಬಂದಿತ್ತು. 2005ರಲ್ಲಿ ಸಂಸತ್ತು ಆ ಬದಲಾವಣೆಯನ್ನು ಕೈಬಿಟ್ಟಿತು. 2015ರ ಆಗಸ್ಟ್‌ನಲ್ಲಿ ಪೇಟೆಂಟ್ ಕಚೇರಿಯ ಹೊಸ ಮಾರ್ಗಸೂಚಿ ಮತ್ತೆ ಬಾಗಿಲು ತೆರೆಯುವಂತೆ ಕಂಡಾಗ ಮುಕ್ತ ತಂತ್ರಾಂಶದ ಸಂಘಟನೆಗಳು ವಿರೋಧಿಸಿದವು. ಡಿಸೆಂಬರ್‌ನಲ್ಲಿ ಅದನ್ನು ತಡೆಹಿಡಿಯಲಾಯಿತು. ತಂತ್ರಾಂಶವು ತಾಂತ್ರಿಕ ಆವಿಷ್ಕಾರದ ಭಾಗವಾಗಿದ್ದರೆ ಪೇಟೆಂಟ್ ಸಿಗಬಹುದೇ ಎಂಬ ವಾದ ಇಂದಿಗೂ ನಡೆದಿದೆ. ಆದರೆ ಸೆಕ್ಷನ್ 3(ಕೆ) ಉಳಿದುಕೊಂಡಿದೆ.

ಮುಕ್ತ ತಂತ್ರಾಂಶ ಬಳಸುವುದು ಇಲ್ಲಿ ಕಾನೂನುಬಾಹಿರವಂತೂ ಅಲ್ಲ. ಇ-ಆಡಳಿತದಲ್ಲಿ ಅದಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರವೇ 2015ರಲ್ಲಿ ನೀತಿ ಪ್ರಕಟಿಸಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುತ್ತಿರುವುದು ಲಿನಕ್ಸ್‌ನಲ್ಲೇ.

ಹಾಗಾದರೆ ಯಾವ ಅಪಾಯವೂ ಇಲ್ಲವೇ?

ಹಾಗೆ ಹೇಳಲಾಗದು. ನೀವು ಉಪಕರಣವನ್ನೋ ಆ್ಯಪ್ ಅನ್ನೋ ತಯಾರಿಸಿ ಮಾರುವವರಾದರೆ ಲೈಸೆನ್ಸ್ ಓದಲೇಬೇಕು. ಜಿಪಿಎಲ್ ತಂತ್ರಾಂಶ ಬಳಸಿ ಸೋರ್ಸ್ ಕೋಡ್ ಸರಿಯಾಗಿ ಕೊಡುತ್ತಿಲ್ಲವೆಂದು ಸಿಸ್ಕೋ ಮೇಲೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರಲ್ಲಿ ಕೇಸ್ ಹಾಕಿತ್ತು. ಮರುವರ್ಷ ಅದು ರಾಜಿಯಾಯಿತು. ಹಾಗೆಯೇ ಕೆಲವು ಕಂಪನಿಗಳು ಮುಕ್ತವಾಗಿದ್ದ ತಂತ್ರಾಂಶದ ಮುಂದಿನ ಆವೃತ್ತಿಗಳಿಗೆ ಬಿಗಿ ಲೈಸೆನ್ಸ್ ಹಾಕುವುದುಂಟು. 2023ರಲ್ಲಿ ಹ್ಯಾಶಿಕಾರ್ಪ್ ತನ್ನ ಟೆರಾಫಾರ್ಮ್‌ಗೆ ಹೀಗೆ ಮಾಡಿದಾಗ, ಬಳಕೆದಾರರು ಹಳೆಯ ಮುಕ್ತ ಆವೃತ್ತಿಯನ್ನೇ ಎತ್ತಿಕೊಂಡು ಓಪನ್‌ಟೋಫು ಎಂಬ ಹೆಸರಿನಲ್ಲಿ ಮುಂದುವರಿಸಿದರು. ಒಮ್ಮೆ ಕೊಟ್ಟ ಆವೃತ್ತಿಯ ಸ್ವಾತಂತ್ರ್ಯವನ್ನು ಹಿಂದಕ್ಕೆ ಕಸಿಯಲಾಗದು ಎಂಬುದೇ ಅವರ ಬಲ.

ಫಾರ್ವರ್ಡ್ ಮಾಡುವ ಮುನ್ನ ಕೇಳಿ

"ಈ ಸಾಫ್ಟ್‌ವೇರ್ ಬಳಸಿದರೆ ಕೇಸ್" ಎಂಬ ಮೆಸೇಜ್ ಬಂದರೆ ಇಷ್ಟು ನೋಡಿ:

• ಯಾವ ತಂತ್ರಾಂಶ, ಯಾವ ಕಾನೂನು, ಯಾವ ಕೋರ್ಟ್ ಎಂದು ಹೇಳಿದೆಯೇ?
• ಅದು ಬರೀ ಆರೋಪವೋ, ತೀರ್ಪೋ? 500 ಕೋಟಿ ಕೇಳುವುದು ಬೇರೆ, ಗೆಲ್ಲುವುದು ಬೇರೆ.
• ಮಾತು ಬಳಸುವವರ ಬಗ್ಗೆಯೋ, ತಯಾರಿಸಿ ಹಂಚುವವರ ಬಗ್ಗೆಯೋ?
• ಹೆದರಿಸಿದವರೇ ಕೊನೆಗೆ ಏನನ್ನಾದರೂ ಮಾರುತ್ತಿದ್ದಾರೆಯೇ?
• ಆ ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಪಡೆದಿದ್ದೀರಾ? ಅಲ್ಲಿ ಲೈಸೆನ್ಸ್ ಇದೆಯೇ?

ಎಸ್‌ಸಿಒ ಕೇಸಿನಲ್ಲಿ ಕದ್ದ ಸಾಲು ಯಾವುದೆಂದು ಕೇಳುತ್ತಲೇ ಇದ್ದವರಿಂದ ಭಯ ಕರಗಿತು. ನಿಮ್ಮ ಗುಂಪಿಗೆ ಇಂಥ ಮೆಸೇಜ್ ಬಂದಾಗಲೂ ಅದನ್ನೇ ಕೇಳಿ: ಪಟ್ಟಿ ಎಲ್ಲಿ? ಉತ್ತರ ಬರುವವರೆಗೆ ಫಾರ್ವರ್ಡ್ ಮಾಡಬೇಡಿ.