ಮನೆಯ ಆರೈಕೆಯ ಹಣ ಯಾರ ಕೈಗೆ?

ವಯಸ್ಸಾದವರು ಹಾಸಿಗೆ ಹಿಡಿದಾಗ ಅವರನ್ನು ಮನೆಯಲ್ಲಿಯೇ ನೋಡಿಕೊಳ್ಳಲು ತಗಲುವ ಖರ್ಚಿನಲ್ಲಿ ಸಮಾಜಕ್ಕೂ ಪಾಲಿದೆಯೆಂದು ಒಪ್ಪಿ, ಅದಕ್ಕಾಗಿಯೇ ಕಡ್ಡಾಯ ವಿಮೆಯೊಂದನ್ನು ರೂಪಿಸಿದ ದೇಶಗಳಲ್ಲಿ ಜರ್ಮನಿ ಮತ್ತು ಜಪಾನ್ ಮುಖ್ಯವಾದವು. ಆದರೆ ಆ ಹಣ ಕುಟುಂಬದವರ ಕೈಸೇರಬೇಕೇ ಅಥವಾ ಸೇವೆಯ ರೂಪದಲ್ಲಿ ಮನೆಬಾಗಿಲಿಗೆ ಬರಬೇಕೇ ಎಂಬ ಪ್ರಶ್ನೆಗೆ ಅವು ಬೇರೆ ಬೇರೆ ಉತ್ತರ ಕಂಡುಕೊಂಡವು. ಮನೆಯೊಳಗೆ ಯಾರ ಬೆನ್ನು ಬಾಗಬೇಕೆಂಬುದು ಬಹುಮಟ್ಟಿಗೆ ಆ ಉತ್ತರವನ್ನೇ ಅವಲಂಬಿಸಿರುತ್ತದೆ.

1995ರಲ್ಲಿ ಜಾರಿಗೆ ಬಂದ ಜರ್ಮನಿಯ ವ್ಯವಸ್ಥೆಯಲ್ಲಿ ವ್ಯಕ್ತಿಯ ಪರಾವಲಂಬನೆಯನ್ನು ಐದು ದರ್ಜೆಗಳಲ್ಲಿ ಅಳೆಯಲಾಗುತ್ತದೆ. ಮೂರನೆಯ ದರ್ಜೆಯವರು, 2025ರ ದರದಂತೆ, ತಿಂಗಳಿಗೆ 1,497 ಯೂರೊ ಮೌಲ್ಯದವರೆಗಿನ ವೃತ್ತಿಪರ ಸೇವೆಯನ್ನು ಪಡೆಯಬಹುದು, ಇಲ್ಲವೇ 599 ಯೂರೊ ನಗದನ್ನು ಪಡೆದು ಮನೆಯವರ ಆರೈಕೆಯಲ್ಲಿ ಉಳಿಯಬಹುದು. ನಗದು ಅರ್ಧಕ್ಕಿಂತಲೂ ಕಡಿಮೆಯಾದರೂ ಹೆಚ್ಚಿನವರು ಅದನ್ನೇ ಆರಿಸುತ್ತಾರೆ. ಸರ್ಕಾರಕ್ಕೂ ಇದು ಅಗ್ಗದ ದಾರಿಯೇ. ಹಾಗೆಂದು ಆರೈಕೆ ಮಾಡುವವರನ್ನು ಕಾನೂನು ಪೂರ್ತಿ ಮರೆತಿಲ್ಲ: ವಾರಕ್ಕೆ ಕನಿಷ್ಠ 10 ಗಂಟೆ ಈ ಕೆಲಸಕ್ಕೆ ಮುಡಿಪಿಟ್ಟು, ಹೊರಗಿನ ದುಡಿಮೆಯನ್ನು 30 ಗಂಟೆಯೊಳಗೆ ಇರಿಸಿಕೊಂಡವರ ಪಿಂಚಣಿ ಖಾತೆಗೆ ವಿಮಾ ನಿಧಿಯೇ ವಂತಿಗೆ ಕಟ್ಟುತ್ತದೆ.

2000ದ ಏಪ್ರಿಲ್‌ನಲ್ಲಿ ತನ್ನ ವಿಮೆಯನ್ನು ಆರಂಭಿಸಿದ ಜಪಾನ್ ನಗದಿನ ದಾರಿಯನ್ನು ಬೇಡವೆಂದಿತು. ಕೈಗೆ ಹಣ ಕೊಟ್ಟರೆ ಅತ್ತೆಮಾವಂದಿರ ಶುಶ್ರೂಷೆ ಎಂದಿನಂತೆ ಸೊಸೆಯ ತಲೆಗೇ ಕಟ್ಟಿದಂತಾಗುತ್ತದೆ ಎಂದು ಅಲ್ಲಿನ ಮಹಿಳಾ ಸಂಘಟನೆಗಳು ಮುಂದಿಟ್ಟ ವಾದ ಈ ನಿರ್ಧಾರದಲ್ಲಿ ತೂಕ ಪಡೆಯಿತು. 40 ವರ್ಷ ದಾಟಿದವರೆಲ್ಲ ವಂತಿಗೆ ಕಟ್ಟುತ್ತಾರೆ. ನಿಧಿಯ ಅರ್ಧ ವಂತಿಗೆಯಿಂದಲೂ ಉಳಿದರ್ಧ ತೆರಿಗೆಯಿಂದಲೂ ಬರುತ್ತದೆ. ವಿಮೆಯನ್ನು ನಡೆಸುವುದು ಆಯಾ ಊರಿನ ಸ್ಥಳೀಯ ಆಡಳಿತ. ಅರ್ಜಿ ಹಾಕಿದವರ ಮನೆಗೆ ಬರುವ ಸಮೀಕ್ಷಕರು ಮಗ್ಗುಲು ಹೊರಳಲು ಆಗುತ್ತದೆಯೇ, ತಾವೇ ಉಣ್ಣಬಲ್ಲರೇ ಎಂಬಂಥ 74 ಅಂಶಗಳನ್ನು ಪರಿಶೀಲಿಸಿ ಬರೆದುಕೊಳ್ಳುತ್ತಾರೆ. ವೈದ್ಯರ ಅಭಿಪ್ರಾಯವನ್ನೂ ನೋಡಿದ ಮೇಲೆ ಸಮಿತಿಯೊಂದು ಏಳು ಹಂತಗಳಲ್ಲಿ ಒಂದನ್ನು ಗೊತ್ತುಮಾಡುತ್ತದೆ. ಯಾವ ದಿನ ಯಾವ ಸಹಾಯ ಎಂಬ ಪಟ್ಟಿಯನ್ನು ಆರೈಕೆ ವ್ಯವಸ್ಥಾಪಕರೆಂಬ ಪರಿಣತರು ಸಿದ್ಧಪಡಿಸುತ್ತಾರೆ. ಸಹಾಯಕಿ ಬಂದು ಬಟ್ಟೆ ಬದಲಿಸುವುದು, ಬಾಡಿಗೆಯ ಮಂಚ ಇವೆಲ್ಲ ಅದರಲ್ಲಿ ಸೇರುತ್ತವೆ. ನಾಲ್ಕು ಹೆಜ್ಜೆ ನಡೆಯಲಾಗದವರ ಕೋಣೆಗೆ ಸಿಬ್ಬಂದಿ ವಾಹನದಲ್ಲಿ ಸ್ನಾನದ ತೊಟ್ಟಿಯನ್ನೇ ತಂದು, ಬಿಸಿನೀರು ತುಂಬಿಸಿ, ಮೀಯಿಸಿ ಹೋಗುವ ಸೇವೆಯೂ ಉಂಟು. ಬಳಸಿದವರು ಆದಾಯಕ್ಕನುಗುಣವಾಗಿ ವೆಚ್ಚದ ಶೇಕಡ 10, 20 ಅಥವಾ 30ರಷ್ಟನ್ನು ತೆರಬೇಕು.

ಇದಕ್ಕೆ ಬೆಲೆಯೂ ಇದೆ. 65 ದಾಟಿದವರ ಸರಾಸರಿ ಮಾಸಿಕ ವಂತಿಗೆ ಆರಂಭದಲ್ಲಿ 2,911 ಯೆನ್ ಇದ್ದುದು 2024ರಿಂದ 6,225 ಯೆನ್ನಿಗೆ ಏರಿದೆ, ಮನೆಮನೆಗೆ ಹೋಗುವ ಸಹಾಯಕರ ಕೊರತೆಯೂ ಕಾಡುತ್ತಿದೆ.

ಭಾರತದಲ್ಲಿ ಇಂಥ ವಿಮೆ ಇಲ್ಲ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೊಡಿಸಬಲ್ಲದು, ಅಂದರೆ ಹೊರೆ ಮತ್ತೆ ಕುಟುಂಬದ್ದೇ. 2024ರಲ್ಲಿ 70 ದಾಟಿದ ಎಲ್ಲರಿಗೂ ವಿಸ್ತರಿಸಲಾದ ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುವುದು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಯನ್ನು. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಡಯಾಪರ್, ಹಾಸಿಗೆ ಹುಣ್ಣಿನ ಮದ್ದು, ಹೋಮ್ ನರ್ಸ್ ಸಂಬಳ ಇವುಗಳ ಖರ್ಚು ತಿಂಗಳುಗಟ್ಟಲೆ ಮುಂದುವರಿದರೂ ಅದು ಯೋಜನೆಯ ಲೆಕ್ಕಕ್ಕೆ ಬರುವುದಿಲ್ಲ. ಕರ್ನಾಟಕದ ಸಂಧ್ಯಾ ಸುರಕ್ಷಾ ಪಿಂಚಣಿ ಬಡ ವೃದ್ಧರ ಕೈಗೆ ಬರುವ ಹಣವೇ ಹೊರತು, ಅವರನ್ನು ನೋಡಿಕೊಳ್ಳಲು ಕೂಲಿ ಬಿಟ್ಟು ಮನೆಯಲ್ಲುಳಿದ ಮಗಳ ನಷ್ಟವನ್ನು ಅದು ಗಣಿಸದು. ಪಕ್ಕದ ಕೇರಳ ಮಾತ್ರ ಸ್ವಲ್ಪ ಮುಂದೆ ಹೋಗಿದೆ: 2008ರ ಉಪಶಾಮಕ ಆರೈಕೆ ನೀತಿಯಡಿ ಪಂಚಾಯಿತಿಗಳು ಹಾಸಿಗೆ ಹಿಡಿದವರ ಮನೆಗೆ ದಾದಿಯರನ್ನು ಕಳುಹಿಸುತ್ತವೆ, ಮತ್ತು ಆಶ್ವಾಸಕಿರಣಂ ಎಂಬ ಇನ್ನೊಂದು ಯೋಜನೆ ಅಂಥವರ ಶುಶ್ರೂಷೆಗೆ ನಿಂತವರ ಹೆಸರಿಗೇ ತಿಂಗಳಿಗೆ 600 ರೂಪಾಯಿ ಮಂಜೂರು ಮಾಡುತ್ತದೆ. ಒಂದೆರಡು ದಿನದ ಕೂಲಿಗೂ ಸಾಲದ ಮೊತ್ತವದು. ಆದರೂ ನೋಡಿಕೊಳ್ಳುವವರನ್ನು ಬೇರೆಯಾಗಿಯೇ ಗುರುತಿಸಿ ಹಣ ನಿಗದಿಪಡಿಸಿದ ಕ್ರಮವನ್ನು ಕರ್ನಾಟಕ ಗಮನಿಸಬಹುದು.